ಎಂಟನೇ ಕ್ಲಾಸಿನ ಮೊದಲ ಪಾಠಕ್ಕೆ ಒಂದು ಸಲಾಕೆ ಸಾಕು

ನಾನು ಕೊಪ್ಪಳ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಜೂನ್ ಬಂತು ಅಂದ್ರೆ ಸುತ್ತಲಿನ ಐದಾರು ಊರುಗಳಿಂದ ಏಳನೇ ಕ್ಲಾಸು ಮುಗಿಸಿದ ಮಕ್ಕಳು ಎಂಟಕ್ಕೆ ಸೇರುತ್ತಾರೆ. ಪ್ರಶ್ನೆ ಕೇಳಿದರೆ ಉತ್ತರ ಪಟಪಟ ಹೇಳ್ತಾರೆ, ಕೈಗೆ ಒಂದು ಬೀಕರ್ ಕೊಟ್ಟರೆ ಮಾತ್ರ "ಸರ, ಮುಟ್ಟಬಹುದೇನ್ರಿ?" ಅಂತ ಕೇಳ್ತಾರೆ. ಒಡೆದುಬಿಟ್ಟಾರು ಅಂತ ಗಾಜಿನ ಸಾಮಾನನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕುವವರು ನಾವೇ, ಮಕ್ಕಳನ್ನ ಅಂದು ಏನು ಮಾಡೋದು.

ಅದಕ್ಕೇ ಮೊದಲ ಎರಡು ವಾರ ನಾನು ಪುಸ್ತಕ ತೆಗೆಸುವುದಿಲ್ಲ. ಬಯಲಿಗೆ ಕರೆದುಕೊಂಡು ಹೋಗಿ ನೆರಳು ಅಳೆಸುತ್ತೇನೆ.

ಇದನ್ನು ಶುರು ಮಾಡಿದ ವರ್ಷ ನಾನೇ ಮುಗ್ಗರಿಸಿದ್ದೆ. ಒಂದು ಮೀಟರಿನ ಸಲಾಕೆ ನೆಟ್ಟು, "ಸರಿಯಾಗಿ 12 ಗಂಟೆಗೆ ನೆರಳು ಎಲ್ಲಕ್ಕಿಂತ ಗಿಡ್ಡ ಆಗುತ್ತೆ, ಉತ್ತರಕ್ಕೆ ಬೀಳುತ್ತೆ" ಅಂತ ಮೊದಲೇ ಹೇಳಿಬಿಟ್ಟೆ. ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದೊಂದು ಹುಣಸೆ ಬೀಜ ಇಡುವುದು, ಅಳೆದು ಬರೆಯುವುದು, ಇಷ್ಟೇ ಕೆಲಸ. 12ಕ್ಕೆ ಸುಮಾರು 18 ಸೆಂಟಿಮೀಟರ್ ಇತ್ತು. ಆಮೇಲೂ ಗಿಡ್ಡ ಆಗ್ತಾನೇ ಹೋಯಿತು. 12.25 ದಾಟಿದ ಮೇಲೆ 14ಕ್ಕೆ ಬಂದು ನಿಂತಿತು, ಅದೂ ದಕ್ಷಿಣಕ್ಕೆ! ಹಿಂದೆ ನಿಂತಿದ್ದ ಒಬ್ಬ ಹುಡುಗ ಮೆಲ್ಲಗೆ, "ಸರ, ನಿಮ್ಮ ಗಡಿಯಾರ ಮುಂದ ಐತೇನ್ರಿ?" ಅಂದ. ಎಲ್ಲರೂ ನಕ್ಕರು. ನನಗೆ ಬೆವರು. ರಾತ್ರಿ ಕೂತು ಓದಿದೆ, ಆಗ ತಲೆಗೆ ಹೋಯಿತು.

ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಕೊಪ್ಪಳ ಇರುವುದು 76 ಡಿಗ್ರಿ ದಾಟಿ ಸ್ವಲ್ಪ. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಸೂರ್ಯ ನಮ್ಮ ನೆತ್ತಿಯ ಗೆರೆಗೆ ಬರುವುದೇ ಸುಮಾರು 25 ನಿಮಿಷ ತಡ, ತಿಂಗಳಿಂದ ತಿಂಗಳಿಗೆ ಅದರಲ್ಲೂ ಕೆಲವು ನಿಮಿಷ ಹಿಂದೆಮುಂದೆ ಆಗುತ್ತೆ. ಇನ್ನು ದಿಕ್ಕಿನ ವಿಷಯ. ನಾವು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದೇವೆ, ಜೂನ್ 21ರ ಹೊತ್ತಿಗೆ ಸೂರ್ಯ 23.5ರ ತನಕ ಹೋಗಿರುತ್ತಾನೆ. ಅಂದ್ರೆ ನಮಗಿಂತ ಉತ್ತರಕ್ಕೆ. ನೆರಳು ದಕ್ಷಿಣಕ್ಕೇ ಬೀಳಬೇಕು. ಇಷ್ಟು ವರ್ಷ ಇದೇ ಬಿಸಿಲಲ್ಲಿ ಓಡಾಡಿದ್ದೇನೆ, ಒಮ್ಮೆಯೂ ನೆಲ ನೋಡಿರಲಿಲ್ಲ.

ಮರುದಿನ ಕ್ಲಾಸಿನಲ್ಲಿ "ನಿನ್ನೆ ನಾನು ಹೇಳಿದ್ದು ತಪ್ಪು" ಅಂದೆ. ಅವತ್ತಿನಿಂದ ಅವರು ಪ್ರಶ್ನೆ ಕೇಳೋಕೆ ಶುರು ಮಾಡಿದರು. ಈಗ ನಾನು ಮೊದಲೇ ಏನೂ ಹೇಳಲ್ಲ, ಸುಮ್ನೆ ನಿಂತಿರ್ತೀನಿ. (ಸೂರ್ಯನನ್ನು ನೇರ ನೋಡಬೇಡಿ, ನೆಲ ನೋಡಿ ಅಂತ ಮಾತ್ರ ದಿನಾ ಹೇಳಲೇಬೇಕು.)

ಜಾಸ್ತಿ ಕಷ್ಟ ಆಗುವುದು ಅಳತೆಯ ಪ್ರಾಮಾಣಿಕತೆ ಕಲಿಸಲು. ಒಂದು ವರ್ಷ ಒಂದು ಗುಂಪಿಗೆ 17 ಬಂತು, ಉಳಿದವರಿಗೆಲ್ಲ 14. ನೋಡ್ತಾ ನೋಡ್ತಾ ಆ ಮಕ್ಕಳು ರಬ್ಬರ್ ತಗೊಂಡು 17 ಅಳಿಸಿ 14 ಮಾಡಿಬಿಟ್ಟರು. ಬೈಯಲಿಲ್ಲ. ಪೆನ್ಸಿಲ್ ಬದಲು ಪೆನ್ ಕೊಟ್ಟು ಮತ್ತೆ ಅಳೆಯಿರಿ ಅಂದೆ. ಮತ್ತೆ 17! ಆಗ ಅದೇ ಗುಂಪಿನ ಹುಡುಗನೊಬ್ಬ, ಅವರಪ್ಪ ಗೌಂಡಿ, ಮನೆಗೆ ಓಡಿ ಗೋಡೆ ನೆಟ್ಟಗಿದೆಯಾ ಅಂತ ನೋಡುವ ತೂಗುಗುಂಡು ತಂದ. ಸಲಾಕೆಯ ಪಕ್ಕ ಇಳಿಬಿಟ್ಟರೆ ಸಲಾಕೆ ಮೇಲುಗಡೆ ಎರಡು ಬೆರಳಷ್ಟು ವಾಲಿತ್ತು. ನೆಟ್ಟಗೆ ಮಾಡಿದ ಮೇಲೆ 14. ಹಳೆಯ 17ನ್ನು ಹಾಗೇ ಬಿಟ್ಟು ಪಕ್ಕದಲ್ಲಿ "ಸಲಾಕೆ ವಾಲಿತ್ತು" ಅಂತ ಬರೆಸಿದೆ. ಈಗ ತೂಗುಗುಂಡು ನಮ್ಮ ಲ್ಯಾಬಿನ ಕಾಯಂ ಸಾಮಾನು, ಬೀಗ ಇಲ್ಲದ ಕಪಾಟಿನಲ್ಲಿ.

ತಿಂಗಳಿಗೊಮ್ಮೆ ಅಳತೆ ಮುಂದುವರಿಸುತ್ತೇವೆ. ಡಿಸೆಂಬರ್ ಕೊನೆಗೆ ಅದೇ ಸಲಾಕೆಯ ಮಧ್ಯಾಹ್ನದ ನೆರಳು 80 ಸೆಂಟಿಮೀಟರ್, ಉತ್ತರಕ್ಕೆ. ನಡುವೆ ವರ್ಷಕ್ಕೆ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ನಮ್ಮಲ್ಲಿ ಮೇ 2ರ ಸುಮಾರಿಗೆ ಒಮ್ಮೆ, ಆಗಸ್ಟ್ 10-11ಕ್ಕೆ ಇನ್ನೊಮ್ಮೆ. ಮೇನಲ್ಲಿ ರಜೆ, ಆಗಸ್ಟಿನಲ್ಲಿ ಮೋಡ. ಆಗಸ್ಟಿನಲ್ಲಿ ಛತ್ರಿ ಹಿಡಿದು ಕಾದು ಕಾದು ವಾಪಸ್ ಬಂದದ್ದೇ ಹೆಚ್ಚು.

ಒಮ್ಮೆ ರಜೆಯಲ್ಲಿ ಒಬ್ಬ ಹುಡುಗಿ ರಾಯಚೂರಿನಿಂದ ಅವರಮ್ಮನ ಫೋನಿನಲ್ಲಿ ಮಾತಾಡಿದಳು. ಅಜ್ಜಿ ಮನೆಯ ಮಾಳಿಗೆ ಮೇಲೆ, ಮುಂದೆ ಕಟ್ಟೋಣ ಅಂತ ಬಿಟ್ಟಿರುವ ಕಾಲಂ ಸಲಾಕೆಗಳಲ್ಲಿ ನೆಟ್ಟಗಿರುವ ಒಂದನ್ನು ಹಿಡಿದು ನಾಲ್ಕು ದಿನ ನೋಡಿದ್ದಾಳೆ. "ಸರ, ನೀವು 2ನೇ ತಾರೀಖು ಅಂದಿದ್ರಿ. ಇಲ್ಲಿ ಅವತ್ತ ಒಂದು ಬೆರಳು ನೆಳ್ಳು ಉಳಿದಿತ್ರಿ. ಇವತ್ತ 5ಕ್ಕ ಪೂರಾ ಹೋತ್ರಿ. ಯಾಕ್ರಿ?"

ರಾಯಚೂರು ನಮಗಿಂತ ಸುಮಾರು ಒಂದು ಡಿಗ್ರಿ ಉತ್ತರಕ್ಕಿದೆ ಅಂತ ಹೇಳಲು ಬಾಯಿ ತೆರೆದವನು ತಡೆದುಕೊಂಡೆ.

"ಅಳತಿ ಬರೆದಿಟ್ಟೀಯೇನವಾ?"

"ಕ್ಯಾಲೆಂಡರ್ ಹಿಂದ ಬರದೀನ್ರಿ. ಪೆನ್ನಿಲೆನ."