ಮದುವೆ ಸೀರೆಯ ಜರಿ, ಮಗುಚಿದ ಕೊಕ್ಕೆ

ನಾನು ಮೊದಲು ಕಟ್ಟಿದ ಫ್ಲೈ ನೋಡಿ ನೆರೆಮನೆಯ ಅಣ್ಣ ಕೇಳಿದ್ದು, "ಇದೆಂತದು ಮಾರಾಯ, ಮೀನು ಹಿಡಿಲಿಕ್ಕಾ, ದಿಬ್ಬಣಕ್ಕಾ?" ಅಂತ. ಅವರ ತಪ್ಪಲ್ಲ. ಅಮ್ಮನ ಮದುವೆ ಸೀರೆಯ ಜರಿ, ಹುಂಜದ ಗರಿ, ಆಡಿನ ಕೂದಲು, ಕೈಗೆ ಸಿಕ್ಕಿದ್ದನ್ನೆಲ್ಲ ಒಂದೇ ಕೊಕ್ಕೆಗೆ ಸುತ್ತಿದ್ದೆ.

ಕುಂಬಳೆ ಹತ್ತಿರ ಶಿರಿಯ ಹೊಳೆ ಕಡಲು ಸೇರುವಲ್ಲಿ ಗಾಳ ಹಾಕುವವರು ಹೆಚ್ಚಿನವರೂ ಸಿಗಡಿ ಸಿಕ್ಕಿಸುವವರು. ಫ್ಲೈ ಅಂದರೆ ಗರಿ, ಕೂದಲು, ನೂಲಿನಿಂದ ಕೊಕ್ಕೆಯ ಮೇಲೆ ಕಟ್ಟುವ ಸುಳ್ಳು ಹುಳ, ಇಲ್ಲವೇ ಸುಳ್ಳು ಮೀನು. ನಾನು ಹೊರಟದ್ದು ಕ್ಲೌಸರ್ ಮಿನ್ನೋ ಅನ್ನುವ, ಸಣ್ಣ ಮೀನಿನ ಹಾಗಿರುವ ಫ್ಲೈ ಕಟ್ಟಲಿಕ್ಕೆ. ಅಮೆರಿಕದ ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಹೊಳೆಯ ಬಾಸ್ ಮೀನಿಗೆಂದು ಮಾಡಿದ್ದು, ಈಗ ಉಪ್ಪುನೀರಿನವರೂ ಬಿಡುವುದಿಲ್ಲ. ಅದಕ್ಕೆ ಜಿಂಕೆ ಬಾಲದ ಕೂದಲು ಬೇಕು. ಇಲ್ಲಿಯ ಜಿಂಕೆಗೆ 1972ರ ವನ್ಯಜೀವಿ ಕಾಯ್ದೆಯ ಕಾವಲಿದೆ, ಹೊರಗಿನಿಂದ ತರಿಸಿದರೆ ಜೇಬು ಖಾಲಿ. ಹಾಗಾಗಿ ಆಡಿನ ಕೂದಲು.

ಕೂದಲು ಬದಲಿಸಿದ್ದರಿಂದ ಏನೂ ಕೆಡಲಿಲ್ಲ. ಕೆಟ್ಟದ್ದು ಕಣ್ಣಿನಿಂದ. ಕ್ಲೌಸರ್‌ಗೆ ಭಾರದ ಕಣ್ಣನ್ನು, ಅಂದರೆ ಮೀನಿನ ಕಣ್ಣಿನ ಹಾಗಿರುವ ಲೋಹದ ಜೋಡಿ ಗುಂಡನ್ನು, ಕೊಕ್ಕೆಯ ಕಡ್ಡಿಯ ಮೇಲ್ಬದಿಗೆ ಕಟ್ಟುತ್ತಾರೆ. ನನಗದು ಚಂದ ಕಾಣಲಿಲ್ಲ, ನನ್ನದೇ ಸ್ಟೈಲ್ ಅಂತ ಕೆಳಬದಿಗೆ ಕಟ್ಟಿದೆ. ಭಾರ ಮೇಲಿದ್ದರೆ ನೀರಲ್ಲಿ ಫ್ಲೈ ಮಗುಚಿಕೊಂಡು ಕೊಕ್ಕೆಯ ಮೊನೆ ಮೇಲಾಗುತ್ತದೆ, ಬುಡದಲ್ಲಿ ಎಳೆದರೂ ಸಿಕ್ಕಿಕೊಳ್ಳುವುದು ಕಮ್ಮಿ, ಅದಕ್ಕೇ ಆ ಏರ್ಪಾಡು ಅಂತ ಗೊತ್ತಾಗುವಷ್ಟರಲ್ಲಿ ಒಂದೇ ಬೆಳಿಗ್ಗೆ ನಾಲ್ಕು ಫ್ಲೈ ಕಾಂಡ್ಲಾ ಬೇರಿನ ಪಾಲಾಗಿತ್ತು.

ಆಮೇಲೆ ಒಂದು ತಿಂಗಳು ಸುಮ್ನೆ ಇದ್ದ ಹಾಗೇ ಕಟ್ಟಿದೆ. ಕಣ್ಣಿನ ಜಾಗ, ಕೂದಲಿನ ಉದ್ದ, ಯಾವುದನ್ನೂ ಮುಟ್ಟಲಿಲ್ಲ. ಬೇಜಾರಾಗ್ತದೆ, ಹೌದು. ಮತ್ತೆ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ ಬಂದೆ. ಸೀಸದ ಕಣ್ಣಿನ ಬದಲು ಕೀ ಚೈನಿನ ಗುಂಡು ಸರಪಳಿಯಿಂದ ಎರಡು ಗುಂಡು ಕತ್ತರಿಸಿ ಹಾಕಿದೆ. ಹಗುರ, ನಿಧಾನಕ್ಕೆ ಮುಳುಗುತ್ತದೆ, ಇಳಿತದ ಹೊತ್ತಿನ ಮೊಣಕಾಲುದ್ದ ನೀರಿಗೆ ಅದೇ ಸರಿ. ಆಡಿನ ಕೂದಲು ಮೆದು, ಒದ್ದೆಯಾದರೆ ಮುದ್ದೆಯಾಗುತ್ತದೆ, ಅದಕ್ಕೆ ಅರ್ಧಕ್ಕರ್ಧ ಕಮ್ಮಿ ಮಾಡಿದೆ. ಜರಿ ನಾಲ್ಕೇ ಎಳೆ. ಅಮ್ಮನ ಸೀರೆಯ ಜರಿ ಉಪ್ಪುನೀರಿಗೆ ಬೇಗ ಕಪ್ಪಾಯಿತು, ಅಗ್ಗದ ಪ್ಲಾಸ್ಟಿಕ್ ಜರಿಯೇ ಬಾಳಿಕೆ. (ಅಮ್ಮನಿಗೆ ಇನ್ನೂ ಹೇಳಿಲ್ಲ.)

ಮೂಲದ ಸಾಮಾನೇ ಬೇಕು ಅಂತ ಹಟ ಹಿಡಿಯುವವರಿದ್ದಾರೆ. ಆದರೆ ಇಂಗ್ಲೆಂಡಿನಲ್ಲಿ ಏವನ್ ಹೊಳೆ ಕಾಯುತ್ತಿದ್ದ ಫ್ರ್ಯಾಂಕ್ ಸಾಯರ್ ತನ್ನ ಫೆಸೆಂಟ್ ಟೇಲ್ ನಿಂಫ್‌ಗೆ (ಫೆಸೆಂಟ್ ಹಕ್ಕಿಯ ಬಾಲದ ಗರಿಯಿಂದ ಕಟ್ಟುವ, ನೀರೊಳಗಿನ ಮರಿಹುಳದಂಥ ಫ್ಲೈ) ನೂಲನ್ನೇ ಬಿಟ್ಟು ತೆಳು ತಾಮ್ರದ ತಂತಿ ಸುತ್ತಿದವರು. ಕಟ್ಟಿದ ಹಾಗೂ ಆಯಿತು, ಭಾರವೂ ಸಿಕ್ಕಿತು. ನನಗೆ ಆ ತಂತಿ ಸಿಗುವುದು ಪಂಪಿನ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ. ಫೆಸೆಂಟ್ ಗರಿಯ ಜಾಗಕ್ಕೆ ಊರಕೋಳಿಯ ಕಂದು ಗರಿ. ಮೇಲೆ ಪಯಸ್ವಿನಿ ಹೊಳೆಯ ಸಿಹಿನೀರಿನ ಸಣ್ಣ ಮೀನುಗಳಿಗೆ ಇದು ಧಾರಾಳ ಸಾಕು.

ಅಳಿವೆಯಲ್ಲಿ ಮೊದಲ ಕೆಂಬೇರಿ ಮೀನು ಬಿದ್ದದ್ದು ಕೂದಲು ತುಂಬಿ ತುಳುಕುವ ಫ್ಲೈಗಲ್ಲ, ಕೂದಲು ತೀರಾ ಕಮ್ಮಿ ಆಯಿತೇನೋ ಅಂತ ಬಿಸಾಡಲು ಹೊರಟಿದ್ದ ಒಂದಕ್ಕೆ. ಅಂಗೈಯಷ್ಟೇ ಇತ್ತು, ಬಿಟ್ಟುಬಿಟ್ಟೆ. ಅಣ್ಣ ಆ ಫ್ಲೈಯನ್ನು ತಿರುಗಿಸಿ ತಿರುಗಿಸಿ ನೋಡಿ, ಒಳಗೆ ಹೋಗಿ ತಮ್ಮ ಬಂಗುಡೆ ಗಾಳ ತಂದರು. ಅಕ್ಕಿ ಗೋಣಿಯ ಬಿಳಿ ಪ್ಲಾಸ್ಟಿಕ್ಕನ್ನು ಸೀಳಿ ಸೀಳಿ ಎಳೆ ಮಾಡಿ ಕೊಕ್ಕೆಗೆ ಕಟ್ಟಿದ್ದು, ಅವರ ಅಪ್ಪ ಕಲಿಸಿದ್ದಂತೆ. ಈಗ ನನ್ನ ಕ್ಲೌಸರ್‌ನ ಬಿಳಿ ಬದಿಗೆ ಅದೇ ಗೋಣಿ ಎಳೆ, ಆಡಿನ ಕೂದಲು ಡಬ್ಬದಲ್ಲೇ ಇದೆ.