ಚರ್ಮದ ಮುಲಾಮು ಒಸಡಿಗೆ: ಮೂರನೇ ಟ್ರೇ ಗೆದ್ದಿತು

"ಚರ್ಮಕ್ಕೆ ಹಚ್ಚೋದನ್ನ ಬಾಯಿಗೆ ಹಾಕ್ತೀಯೇನಯ್ಯಾ?" ಅಂತ ನಕ್ಕಿದ್ದ ಹಾಸನದ ಹಿರಿಯ ದಂತವೈದ್ಯರು ಹೋದ ತಿಂಗಳು ತಮ್ಮದೇ ಪೇಷೆಂಟ್ ಒಬ್ಬರನ್ನು ಚಿಕ್ಕಮಗಳೂರಿಗೆ ನನ್ನ ಹತ್ತಿರ ಕಳಿಸಿದರು. ಅದಕ್ಕೇ ಬರೆಯುತ್ತಿದ್ದೇನೆ.

ಕಥೆ ಶುರುವಾದದ್ದು ಅದಕ್ಕೂ ಮೊದಲು, ಬೇರೊಬ್ಬ ಪೇಷೆಂಟಿನಿಂದ: ಮೂಡಿಗೆರೆ ಕಡೆಯ ತೋಟದಮನೆಯ ಅಮ್ಮ, ಅರವತ್ತರ ಆಸುಪಾಸು, ಸಕ್ಕರೆ ಕಾಯಿಲೆ ಬೇರೆ. ಬಯಾಪ್ಸಿಯಲ್ಲಿ ಲೈಕನ್ ಪ್ಲಾನಸ್, ಚರ್ಮಕ್ಕೂ ಬಾಯಿಯ ಒಳಪದರಕ್ಕೂ ಬರುವ, ವರ್ಷಗಟ್ಟಲೆ ಕಾಡುವ ಉರಿಯೂತ. ಒಸಡು ಸುಲಿದು ಕೆಂಡದ ಹಾಗಿತ್ತು. ಎರಡು ವರ್ಷದಿಂದ ಬರೀ ಮೊಸರನ್ನ.

ಮೊದಲು ಎಲ್ಲರ ಹಾಗೆ ಬಾಯಿಗೆ ಹಚ್ಚುವ ಸ್ಟೀರಾಯ್ಡ್, ಟ್ರಯಾಮ್ಸಿನೊಲೋನ್ ಪೇಸ್ಟ್ ಕೊಟ್ಟೆ. ಒಸಡಿನ ಮೇಲೆ ಅದೆಲ್ಲಿ ನಿಲ್ಲುತ್ತದೆ? ಹತ್ತು ನಿಮಿಷಕ್ಕೆ ಜೊಲ್ಲಿನ ಜೊತೆ ಹೊಟ್ಟೆಗೆ. ಏಳೆಂಟು ಟ್ಯೂಬ್ ದಂಡ. ಆಮೇಲೆ ಮಾಡಿದ್ದು ದೊಡ್ಡ ತಪ್ಪು: ನುಂಗುವ ಸ್ಟೀರಾಯ್ಡ್, ಪ್ರೆಡ್ನಿಸೋಲೋನ್ ಮಾತ್ರೆ, 30 ಮಿ.ಗ್ರಾಂ. ಒಸಡು ವಾರದಲ್ಲೇ ತಣ್ಣಗಾಯಿತು, ಸಕ್ಕರೆ 340ರ ಹತ್ತಿರ ಹೋಯಿತು. ಅವರ ಫಿಸಿಷಿಯನ್ ಫೋನಿನಲ್ಲಿ ಬೈದದ್ದು ಈಗಲೂ ಕಿವಿಯಲ್ಲಿದೆ. ಇಳಿಸುತ್ತಾ ಬಂದು ನಿಲ್ಲಿಸಿದೆ. ಹದಿನೈದು ದಿನಕ್ಕೆ ಒಸಡು ಮತ್ತೆ ಕೆಂಪು.

ಚರ್ಮಕ್ಕೆ ಹಚ್ಚುವ ಜೋರು ಸ್ಟೀರಾಯ್ಡ್ ಆದ ಕ್ಲೊಬೆಟಸಾಲ್ 0.05% ಜೆಲ್ಲನ್ನು ಹಲ್ಲಿನ ಅಚ್ಚಿಗೆ ಮಾಡಿದ ಪ್ಲಾಸ್ಟಿಕ್ ಟ್ರೇಯಲ್ಲಿ ಹಾಕಿ ಒಸಡಿಗೆ ಕೂರಿಸುವುದು ಕಾಲೇಜಿನಲ್ಲೇ ಓದಿದ್ದು, ಮಾಡುವವರು ಕಡಿಮೆ. ಟ್ರೇ ಮಾಡುವ ವ್ಯಾಕ್ಯೂಮ್ ಮಷಿನ್ ಸೆಕೆಂಡ್ ಹ್ಯಾಂಡ್, ಇಪ್ಪತ್ತು ಸಾವಿರ ಚಿಲ್ಲರೆ. ಮನೆಯವಳು ಒಂದು ವಾರ ಮಾತಾಡಲಿಲ್ಲ. ಮೊದಲ ಟ್ರೇ ಗಟ್ಟಿ ಶೀಟಿನದು, ಅಂಚು ತಾಗಿ ಹೊಸ ಹುಣ್ಣು. ಎರಡನೆಯದು ಮೆತ್ತಗಿತ್ತು, ಆದರೆ ಹಲ್ಲು ಬಿಳುಪು ಮಾಡುವ ಟ್ರೇಯ ಅಭ್ಯಾಸದಲ್ಲಿ ಹಲ್ಲಿನ ಬುಡಕ್ಕೇ ಕತ್ತರಿಸಿಬಿಟ್ಟೆ. ಔಷಧಿ ಒಸಡಿಗೆ ತಾಗಲೇ ಇಲ್ಲ. ಮೂರನೆಯದು ಕೂತಿತು. ಅಚ್ಚಿನ ಮೇಲೆ ಎಲ್ಲಿ, ಎಷ್ಟು ಜಾಗ ಬಿಟ್ಟೆ ಅನ್ನೋದು ಇಲ್ಲಿ ಬೇಡ, ಕ್ಲಿನಿಕ್ಕಿಗೆ ಬಂದವರಿಗೆ ಕಾಫಿ ಜೊತೆ ಹೇಳುತ್ತೇನೆ.

ತೆಳ್ಳಗೆ ಸವರಿ ದಿನಕ್ಕೆರಡು ಸಲ, ಹದಿನೈದಿಪ್ಪತ್ತು ನಿಮಿಷ. ಎರಡನೇ ದಿನವೇ ಮಗನ ಫೋನ್: "ಡಾಕ್ಟ್ರೇ, ಟ್ಯೂಬ್ ಮೇಲೆ ಹೊರಗೆ ಹಚ್ಚೋಕೆ ಮಾತ್ರ ಅಂತಿದೆಯಲ್ಲ, ಮೆಡಿಕಲ್ ಸ್ಟೋರಿನವನೂ ನಗ್ತಾನೆ." ಅರ್ಧ ಗಂಟೆ ಸಮಾಧಾನ ಹೇಳಿದೆ. ಮೂರನೇ ವಾರ ನಾಲಿಗೆ ಮೇಲೆ ಬಿಳಿ ಫಂಗಸ್. ಕ್ಲೊಟ್ರಿಮಜೋಲ್ ಮೌತ್ ಪೇಂಟ್‌ಗೆ ಹೋಯಿತು. ಈಗ ಸಕ್ಕರೆ ಇರುವವರಿಗೆ ಅದನ್ನು ಮೊದಲ ದಿನದಿಂದಲೇ ಕೊಡುತ್ತೇನೆ. ಆರೇಳು ವಾರಕ್ಕೆ ಅಮ್ಮ ಸಾರನ್ನ ಉಂಡರು. ಆಮೇಲೆ ದಿನ ಬಿಟ್ಟು ದಿನ, ಈಗ ವಾರಕ್ಕೆರಡು ಸಲ. ಆರು ತಿಂಗಳಿಗೊಮ್ಮೆ ಕರೆಸಿ ನೋಡುವುದನ್ನು ಬಿಟ್ಟಿಲ್ಲ. ಈ ಕಾಯಿಲೆಯಲ್ಲಿ ಕ್ಯಾನ್ಸರಿನ ಭಯ ಇದ್ದೇ ಇದೆ.

ನಡುವೆ ಅಡಿಕೆ ಅಗಿದು ಬಾಯಿ ಬಿಗಿದುಕೊಂಡಿದ್ದ ಕೊಪ್ಪದ ಹುಡುಗನೊಬ್ಬನಿಗೆ ಡೆಕ್ಸಾಮೆಥಾಸೋನ್ (ಇದೂ ಸ್ಟೀರಾಯ್ಡ್), ಬಿಗಿದ ಜಾಗ ಸಡಿಲಿಸುವ ಹಯಾಲುರೊನಿಡೇಸ್ ಸೇರಿಸಿ ಕೆನ್ನೆಗೆ ವಾರಕ್ಕೊಂದು ಇಂಜೆಕ್ಷನ್ ಚುಚ್ಚಿದೆ. ಬಾಯಿ 18 ಮಿ.ಮೀ.ಯಿಂದ 25ರವರೆಗೆ ಬಿಟ್ಟಿತು. ಐಸ್‌ಕ್ರೀಂ ಕಡ್ಡಿ ಇಟ್ಟು ವ್ಯಾಯಾಮ ಮಾಡು ಅಂದರೆ ಮಾಡಲಿಲ್ಲ, ಗುಟ್ಕಾನೂ ಬಿಡಲಿಲ್ಲ, ಮತ್ತೆ ಬಿಗಿಯಿತು. ಅಲ್ಲಿ ನಾನು ಗೆದ್ದೆ ಅನ್ನಲಾರೆ.

ಅಮ್ಮನ ಟ್ರೇ ದುಡ್ಡು ಅರ್ಧ ಬಾಕಿ. ಕಾಫಿ ಕುಯ್ಲು ಮುಗಿಯಲಿ ಅಂದಿದ್ದಾರೆ.