ವಜ್ರ ಬಂದೂಕಾಗುವ ದಾರಿ: ಯುದ್ಧದ ಸುದ್ದಿಯನ್ನು ಓದುವುದು ಹೇಗೆ

ಯುದ್ಧದ ಸುದ್ದಿಯಲ್ಲಿ ‘ಖನಿಜ ಸಂಪದ್ಭರಿತ ದೇಶ’ ಎಂಬ ಮಾತು ಕಂಡ ಕೂಡಲೇ ನನಗೆ ಸಿಟ್ಟು ಬರುತ್ತದೆ. ವಿದೇಶ ಸುದ್ದಿ ವಿಭಾಗದಲ್ಲಿ ಉಪಸಂಪಾದಕಿಯಾಗಿದ್ದಾಗ ಸುದ್ದಿಸಂಸ್ಥೆಗಳ ಪ್ರತಿಯಲ್ಲಿ ಈ ಮಾತಿಗೆ ಕತ್ತರಿ ಹಾಕುವುದು ನನ್ನ ಚಟವೇ ಆಗಿತ್ತು. ಬೋಟ್ಸ್ವಾನಾದಲ್ಲಿ ವಜ್ರವಿದೆ, ಯುದ್ಧವಾಗಲಿಲ್ಲ. ಸಿಯೆರಾ ಲಿಯೋನ್‌ನಲ್ಲೂ ವಜ್ರವಿದೆ, 1991ರಿಂದ 2002ರ ಆರಂಭದವರೆಗೆ ಯುದ್ಧ ನಡೆಯಿತು. ಹಾಗಾದರೆ ವಜ್ರ ಬಂದೂಕಾಗಿ ಬದಲಾಗುವುದು ಎಲ್ಲಿ? ಅದನ್ನು ಹುಡುಕುವ ಬಗೆಯನ್ನು ಕಿರಿಯ ಸಹೋದ್ಯೋಗಿಗಳಿಗೆ ಹೇಳಿಕೊಡುತ್ತಿದ್ದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಖನಿಜ ನೆಲದಲ್ಲಿ ಹೇಗೆ ಕೂತಿದೆ ಎಂದು ನೋಡಿ. ಬೋಟ್ಸ್ವಾನಾ ಸ್ವತಂತ್ರವಾದದ್ದು 1966ರಲ್ಲಿ. ಮರುವರ್ಷವೇ ಒರಾಪಾದಲ್ಲಿ ವಜ್ರ ಸಿಕ್ಕಿತು. ಅದು ಕಿಂಬರ್ಲೈಟ್ ಶಿಲೆಯೊಳಗಿನ ವಜ್ರ. ಆಳಕ್ಕೆ ಅಗೆಯಬೇಕು, ದೈತ್ಯ ಯಂತ್ರ ಬೇಕು, ಬಂಡವಾಳ ಬೇಕು. ಸುತ್ತ ಬೇಲಿ ಹಾಕಿ ಒಂದೇ ಬಾಗಿಲಲ್ಲಿ ಕಾವಲು ಕೂರಿಸಿದರೆ ಸರ್ಕಾರಕ್ಕೆ ಲೆಕ್ಕ ಸಿಗುತ್ತದೆ. ಸಿಯೆರಾ ಲಿಯೋನ್‌ನ ಕೋನೊ ಜಿಲ್ಲೆಯಲ್ಲಿ ನದಿಗಳು ವಜ್ರವನ್ನು ಮೈಲಿಗಟ್ಟಲೆ ಜಲ್ಲಿಯಲ್ಲಿ ಹರಡಿಬಿಟ್ಟಿವೆ. ಸಲಿಕೆ, ಜರಡಿ, ಬಕೆಟ್ಟು ಇದ್ದರೆ ಸಾಕು. ಆ ಕಣಿವೆಯಲ್ಲಿ ಬಂದೂಕು ಹಿಡಿದು ನಿಂತವನೇ ಗಣಿಯ ಯಜಮಾನ. ಲೈಬೀರಿಯಾ ಗಡಿಯಿಂದ ನುಗ್ಗಿದ ಆರ್‌ಯುಎಫ್ ಬಂಡುಕೋರರು ಅಲ್ಲಿಗೇ ಕಣ್ಣು ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. ಅಂಗೋಲಾದಲ್ಲಿ ಇನ್ನೂ ವಿಚಿತ್ರ: ಸಮುದ್ರದೊಳಗಿನ ತೈಲ ಸರ್ಕಾರಕ್ಕೆ, ನದಿ ಬಯಲಿನ ವಜ್ರ ಯುನಿಟಾ ಬಂಡುಕೋರರಿಗೆ. ಒಬ್ಬರ ಬೊಕ್ಕಸಕ್ಕೆ ಇನ್ನೊಬ್ಬರ ಕೈ ಎಟುಕುತ್ತಿರಲಿಲ್ಲ. ಇಬ್ಬರ ಬಳಿಯೂ ಹಣವಿದ್ದ ಯುದ್ಧ ಬೇಗ ಮುಗಿಯುವುದಿಲ್ಲ. 2002ರ ಫೆಬ್ರುವರಿಯಲ್ಲಿ ಜೊನಾಸ್ ಸವಿಂಬಿ ಹತನಾಗುವವರೆಗೂ ಅದು ನಿಲ್ಲಲಿಲ್ಲ.

ಗಣಿಯ ಬಾಯಲ್ಲೇ ನಿಲ್ಲಬೇಡಿ, ರಸ್ತೆಗೆ ಬನ್ನಿ. ಬಂಡುಕೋರರು ಅಗೆಯುತ್ತಾರೆ ಎಂದು ಓದುಗರು ಭಾವಿಸುತ್ತಾರೆ. ಬಹಳ ಕಡೆ ಅವರು ಅಗೆಯುವುದಿಲ್ಲ, ವಸೂಲಿ ಮಾಡುತ್ತಾರೆ. ಪೂರ್ವ ಕಾಂಗೋದ ರುಬಾಯಾವನ್ನು ಎಂ23 ಬಂಡುಕೋರ ಗುಂಪು 2024ರ ಏಪ್ರಿಲ್‌ನಲ್ಲಿ ಹಿಡಿಯಿತು. ಫೋನಿನ ಕೆಪಾಸಿಟರುಗಳಿಗೆ ಬೇಕಾದ ಟ್ಯಾಂಟಲಮ್ ಲೋಹ ಸಿಗುವ ಕೊಲ್ಟಾನ್ ಅದಿರಿನ ದೊಡ್ಡ ನೆಲೆ ಅದು. ಅಲ್ಲಿನ ಕೊಲ್ಟಾನ್ ಮೇಲೆ ಹಾಕಿದ ತೆರಿಗೆಯಿಂದಲೇ ಗುಂಪಿಗೆ ತಿಂಗಳಿಗೆ ಸುಮಾರು 8 ಲಕ್ಷ ಡಾಲರ್ ಬರುತ್ತಿದೆ ಎಂದು ವಿಶ್ವಸಂಸ್ಥೆಯ ತಜ್ಞರು ಅಂದಾಜು ಮಾಡಿದರು. ಅಗೆಯುವವನೂ ಕೊಡಬೇಕು, ಕೊಳ್ಳುವ ವ್ಯಾಪಾರಿಯೂ ಕೊಡಬೇಕು. ಹೀಗಾಗಿ ‘ಗಣಿ ಯಾರ ವಶದಲ್ಲಿದೆ’ ಎಂದು ಬರೆದು ಸುಮ್ಮನಾಗುವ ವರದಿ ಅರ್ಧ ವರದಿ. ರಸ್ತೆಯ ತಡೆಗಂಬ ಯಾರದು, ಗಡಿ ದಾಟುವ ಹಾದಿ ಯಾರದು ಎಂದು ಕೇಳಿ. ತಡೆಗಂಬ ಸರ್ಕಾರಿ ಸೈನಿಕರದ್ದೂ ಆಗಿರಬಹುದು. ಕಾಂಗೋದಲ್ಲಿ ಅದು ಹೊಸ ಮಾತೇನಲ್ಲ.

ಮುಂದಿನದು ನನಗೆ ಅತ್ಯಂತ ಪ್ರಿಯವಾದ ಕೆಲಸ: ಒಂದು ದೇಶ ಎಷ್ಟು ಅಗೆಯಬಲ್ಲದು, ಎಷ್ಟು ಮಾರಿದೆ ಎಂಬ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆಯುವುದು. 1990ರ ದಶಕದಲ್ಲಿ ಲೈಬೀರಿಯಾದ ವಜ್ರ ಗಣಿಗಾರಿಕೆಯ ಸಾಮರ್ಥ್ಯ ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ ಕ್ಯಾರೆಟ್. ಆದರೆ 1994ರಿಂದ 1998ರವರೆಗೆ ಲೈಬೀರಿಯಾದ ಹೆಸರಿನಲ್ಲಿ ಬೆಲ್ಜಿಯಂಗೆ ಬಂದದ್ದು 3.1 ಕೋಟಿ ಕ್ಯಾರೆಟ್‌ಗೂ ಹೆಚ್ಚು. ವಜ್ರದ ಗಣಿಯೇ ಇಲ್ಲದ ಗ್ಯಾಂಬಿಯಾದಿಂದಲೂ ಬೆಲ್ಜಿಯಂನ ವಜ್ರ ಮಾರುಕಟ್ಟೆಯಾದ ಆಂಟ್ವರ್ಪ್‌ಗೆ ವಜ್ರ ಬರುತ್ತಿತ್ತು! ಯಾವ ಗೂಢಚಾರನೂ ಬೇಡ, ಸುಂಕದ ಪುಸ್ತಕ ಸಾಕು. ಆದರೆ ಎಚ್ಚರವಿರಲಿ, ಸಂಖ್ಯೆ ಕಳ್ಳತನವನ್ನು ತೋರಿಸುತ್ತದೆ, ಕಳ್ಳನನ್ನಲ್ಲ. ಆ 3.1 ಕೋಟಿಯಷ್ಟೂ ಸಿಯೆರಾ ಲಿಯೋನ್‌ನ ರಕ್ತಸಿಕ್ತ ವಜ್ರವಲ್ಲ; ಬೇರೆ ದೇಶಗಳ ಮಾಲು, ತೆರಿಗೆ ತಪ್ಪಿಸುವವರ ಮಾಲು ಎಲ್ಲವೂ ಆ ಹೆಸರಿನಡಿ ನುಸುಳಿತ್ತು. ಚಿನ್ನದಲ್ಲಿ ಈ ಲೆಕ್ಕ ಇನ್ನೂ ಕಷ್ಟ. ಒಮ್ಮೆ ಕರಗಿಸಿ ಬೇರೆ ಚಿನ್ನದೊಡನೆ ಬೆರೆಸಿದರೆ ಹುಟ್ಟಿದ ಊರು ಅಳಿಸಿಹೋಗುತ್ತದೆ.

ವಜ್ರದ ಈ ಕಳ್ಳದಾರಿಯನ್ನು ತಡೆಯಲೆಂದು 2003ರಲ್ಲಿ ಕಿಂಬರ್ಲಿ ಪ್ರಕ್ರಿಯೆಯ ಪ್ರಮಾಣಪತ್ರ ಜಾರಿಗೆ ಬಂತು: ‘ಇದು ಸಂಘರ್ಷದ ವಜ್ರವಲ್ಲ’ ಎಂದು ಮಾರುವ ದೇಶ ಕೊಡುವ ಕಾಗದ. ಅದನ್ನು ಉಲ್ಲೇಖಿಸುವ ಮುನ್ನ ಸಂಘರ್ಷದ ವಜ್ರದ ವ್ಯಾಖ್ಯೆಯನ್ನು ಓದಿ: ಬಂಡುಕೋರರು ಸರ್ಕಾರದ ವಿರುದ್ಧ ಹೋರಾಡಲು ಬಳಸುವ ಕಚ್ಚಾ ವಜ್ರ ಮಾತ್ರ ಅದರ ವ್ಯಾಪ್ತಿಗೆ ಸೇರುತ್ತದೆ. ಜಿಂಬಾಬ್ವೆಯ ಮರಾಂಗೆಯಲ್ಲಿ 2008ರಲ್ಲಿ ಅಗೆಯುವವರ ಮೇಲೆ ಗುಂಡು ಹಾರಿಸಿದ್ದು ಸರ್ಕಾರದ್ದೇ ಪಡೆ. ಆದ್ದರಿಂದ ಆ ವಜ್ರ ವ್ಯಾಖ್ಯೆಯ ಪ್ರಕಾರ ಶುದ್ಧ. ಈ ಪ್ರಕ್ರಿಯೆಯನ್ನು ಕಟ್ಟಲು ದುಡಿದಿದ್ದ ಗ್ಲೋಬಲ್ ವಿಟ್ನೆಸ್ ಸಂಸ್ಥೆ 2011ರಲ್ಲಿ ಹೊರನಡೆಯಿತು.

ಈಗ ಶಸ್ತ್ರದ ಕಡೆಗೆ. ಕಳ್ಳಸಾಗಣೆಯ ಬಂದೂಕು ಹುಟ್ಟುವುದು ಸಾಮಾನ್ಯವಾಗಿ ಕಾನೂನುಬದ್ಧ ಕಾರ್ಖಾನೆಯಲ್ಲೇ, ಹೊರಡುವುದೂ ಮುದ್ರೆ ಬಿದ್ದ ಕಾಗದದೊಂದಿಗೇ. ಆ ಕಾಗದದ ಹೆಸರು ಅಂತಿಮ ಬಳಕೆದಾರ ಪ್ರಮಾಣಪತ್ರ: ‘ಈ ಸರಕು ನಮ್ಮ ಸೇನೆಗೇ, ಬೇರೆಯವರಿಗೆ ಕೊಡುವುದಿಲ್ಲ’ ಎಂಬ ಕೊಳ್ಳುವ ದೇಶದ ವಾಗ್ದಾನ. ಖನಿಜದ ಕಾಗದ ಬಂದ ಊರಿನ ಬಗ್ಗೆ ಸುಳ್ಳು ಹೇಳಿದರೆ ಶಸ್ತ್ರದ ಕಾಗದ ಹೋಗುವ ಊರಿನ ಬಗ್ಗೆ ಸುಳ್ಳು ಹೇಳುತ್ತದೆ. ಎರಡನ್ನೂ ಒಟ್ಟಿಗೆ ಓದಿದಾಗಲೇ ದಾರಿ ಪೂರ್ತಿ ಕಾಣುವುದು. 1999ರ ಮಾರ್ಚ್‌ನಲ್ಲಿ ಉಕ್ರೇನ್‌ನಿಂದ 68 ಟನ್ ಶಸ್ತ್ರಾಸ್ತ್ರ ಬುರ್ಕಿನಾ ಫಾಸೊದ ರಾಜಧಾನಿ ವಾಗಡುಗುಗೆ ಬಂದಿಳಿಯಿತು. ಕಾಗದದಲ್ಲಿ ದೋಷವಿರಲಿಲ್ಲ. ಅಲ್ಲಿಂದ ಚಿಕ್ಕ ವಿಮಾನದಲ್ಲಿ ಸರಕು ಲೈಬೀರಿಯಾಕ್ಕೆ ಸಾಗಿತು, ಲೈಬೀರಿಯಾದ ಮೂಲಕ ಆರ್‌ಯುಎಫ್‌ ಕೈ ಸೇರಿತು. ಲೈಬೀರಿಯಾದ ಮೇಲೆ 1992ರಿಂದಲೇ ವಿಶ್ವಸಂಸ್ಥೆಯ ಶಸ್ತ್ರ ನಿರ್ಬಂಧವಿತ್ತು. 2000ದ ಡಿಸೆಂಬರ್‌ನಲ್ಲಿ ಬಂದ ವಿಶ್ವಸಂಸ್ಥೆಯ ತಜ್ಞರ ಸಮಿತಿಯ ವರದಿ ಇದನ್ನೆಲ್ಲ ಬಿಡಿಸಿಟ್ಟಿತು. ಆದ್ದರಿಂದ ಪ್ರಮಾಣಪತ್ರ ಕಂಡಾಗ ಸಹಿ ಹಾಕಿದವರು ಯಾರು, ಅಷ್ಟು ಸರಕು ಆ ಸೇನೆಗೆ ಬೇಕಿತ್ತೇ, ಇಳಿಸಿದ ಮೇಲೆ ಯಾರಾದರೂ ಹೋಗಿ ಎಣಿಸಿದರೇ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬಹುಪಾಲು ‘ಇಲ್ಲ’ ಎಂಬುದೇ ಉತ್ತರ.

ಬಂದೂಕಿಗಿಂತ ಗುಂಡಿನ ಬಗ್ಗೆ ಹೆಚ್ಚು ಗಮನ ಕೊಡಿ. ಎಕೆ ಬಂದೂಕು ದಶಕಗಟ್ಟಲೆ ಬದುಕುತ್ತದೆ, ಒಂದು ಯುದ್ಧ ಮುಗಿಸಿ ಇನ್ನೊಂದಕ್ಕೆ ನಡೆಯುತ್ತದೆ. ಗುಂಡು ಖರ್ಚಾಗಿ ಹೋಗುತ್ತದೆ, ಮತ್ತೆ ತರಿಸಲೇಬೇಕು. ಕಾಡತೂಸಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಕಾರ್ಖಾನೆಯ ಸಂಕೇತ ಮತ್ತು ತಯಾರಾದ ವರ್ಷ ಒತ್ತಿರುತ್ತಾರೆ. ಆ ವರ್ಷವನ್ನೂ ಶಸ್ತ್ರ ನಿರ್ಬಂಧ ಜಾರಿಯಾದ ವರ್ಷವನ್ನೂ ಹೋಲಿಸಿ. ನಿರ್ಬಂಧದ ನಂತರ ತಯಾರಾದ ಗುಂಡು ಬಂಡುಕೋರರ ಬಳಿ ಸಿಕ್ಕರೆ ಅದು ಹಳೆಯ ದಾಸ್ತಾನು ಎಂಬ ನೆಪ ಬಿದ್ದುಹೋಗುತ್ತದೆ. ಆದರೂ ‘ಪಕ್ಕದ ದೇಶ ಕಳುಹಿಸಿತು’ ಎಂದು ಅವಸರದಲ್ಲಿ ಬರೆಯಬೇಡಿ. ಸರ್ಕಾರಿ ಸೇನೆಯಿಂದ ಕಸಿದುಕೊಂಡದ್ದಿರಬಹುದು, ಯಾವನೋ ಸೈನಿಕ ಮಾರಿದ್ದಿರಬಹುದು. 2011ರಲ್ಲಿ ಲಿಬಿಯಾದ ಉಗ್ರಾಣಗಳು ಲೂಟಿಯಾದ ಮೇಲೆ ಅಲ್ಲಿನ ಶಸ್ತ್ರಗಳು ಯಾರ ಅಪ್ಪಣೆಯೂ ಇಲ್ಲದೆ ಮಾಲಿಯವರೆಗೆ ಹೋದವು.

ತಜ್ಞರ ಸಮಿತಿಗಳ ವರದಿಗಳು ಭದ್ರತಾ ಮಂಡಳಿಯ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತವೆ. ಹಿಂದಿನಿಂದ ಓದಿ ಎನ್ನುವುದು ನನ್ನ ಸಲಹೆ. ಸಾರಾಂಶದಲ್ಲಿ ರಾಜತಾಂತ್ರಿಕ ನಯವಿರುತ್ತದೆ. ಕಾಡತೂಸಿನ ಫೋಟೊ, ಸರಕು ಪಟ್ಟಿ, ಪತ್ರಗಳ ನಕಲು ಇರುವುದು ಅನುಬಂಧದಲ್ಲಿ. ಯಾವ ಸರ್ಕಾರ ಉತ್ತರಿಸಿತು, ಯಾವುದು ಉತ್ತರಿಸಲೇ ಇಲ್ಲ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ತೀರ್ಪುಗಳನ್ನು ಇನ್ನಷ್ಟು ಎಚ್ಚರದಿಂದ ಓದಬೇಕು. ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷ ಶಿಕ್ಷೆಯಾದದ್ದು ಮುಖ್ಯವಾಗಿ ಸಿಯೆರಾ ಲಿಯೋನ್ ಬಂಡುಕೋರರ ಅಪರಾಧಗಳಿಗೆ ನೆರವು, ಕುಮ್ಮಕ್ಕು ಕೊಟ್ಟದ್ದಕ್ಕೆ. ಅವರು ಆತನ ಆಜ್ಞೆಯಡಿ ಇದ್ದರು ಎಂಬುದು ಸಾಬೀತಾಗಲಿಲ್ಲ. ರಷ್ಯಾದ ಶಸ್ತ್ರ ವ್ಯಾಪಾರಿ ವಿಕ್ಟರ್ ಬೌಟ್‌ಗೆ ಅದೇ ವರ್ಷ ಅಮೆರಿಕದಲ್ಲಿ 25 ವರ್ಷ ವಿಧಿಸಿದ್ದು ಆಫ್ರಿಕಾದ ಯುದ್ಧಗಳಿಗಾಗಿ ಅಲ್ಲ. ಕೊಲಂಬಿಯಾದ ಬಂಡುಕೋರರಂತೆ ನಟಿಸಿದ ಅಮೆರಿಕದ ಮಾಹಿತಿದಾರರಿಗೆ ಶಸ್ತ್ರ ಮಾರಲು ಒಪ್ಪಿದ ಸಂಚಿಗಾಗಿ. 2022ರ ಡಿಸೆಂಬರ್‌ನಲ್ಲಿ ಕೈದಿ ವಿನಿಮಯದಲ್ಲಿ ಅವನು ರಷ್ಯಾಕ್ಕೆ ಮರಳಿದ.

ಇಷ್ಟು ಕಲಿತವರು ಎಲ್ಲ ಯುದ್ಧಕ್ಕೂ ಇದೇ ಸೂತ್ರ ಹಚ್ಚತೊಡಗುತ್ತಾರೆ. ಅವರಿಗೆ ಬೂಗನ್‌ವಿಲ್ ತೋರಿಸುತ್ತಿದ್ದೆ. ಪಾಪುವಾ ನ್ಯೂಗಿನಿಯ ಆ ದ್ವೀಪದಲ್ಲಿ ಪಾಂಗುನಾ ತಾಮ್ರದ ಗಣಿಯಿಂದಲೇ ದಂಗೆ ಹುಟ್ಟಿತು, ನಿಜ. ಆದರೆ ಹೋದ ಭೂಮಿ, ಕೆಟ್ಟ ನದಿ, ಸಿಗದ ಪಾಲು ಅದರ ಕಾರಣ. 1989ರಲ್ಲಿ ಗಣಿಯೇ ಮುಚ್ಚಿತು, ಯಾರಿಗೂ ಅದರಿಂದ ಕಾಸು ಬರಲಿಲ್ಲ. ಹೋರಾಟಗಾರರು ಕೈಯಲ್ಲೇ ಮಾಡಿದ ಬಂದೂಕುಗಳಿಂದ, ಎರಡನೆಯ ಮಹಾಯುದ್ಧದ ಪಳೆಯುಳಿಕೆಗಳನ್ನು ರಿಪೇರಿ ಮಾಡಿಕೊಂಡು ಕಾದಿದರು.

ಅಭ್ಯಾಸಕ್ಕೆ ಸುಡಾನ್ ತೆಗೆದುಕೊಳ್ಳಿ. 2023ರ ಏಪ್ರಿಲ್ 15ರಂದು ಸೇನೆ ಮತ್ತು ಅರೆಸೇನಾ ಪಡೆ ಆರ್‌ಎಸ್‌ಎಫ್ ನಡುವೆ ಯುದ್ಧ ಶುರುವಾಯಿತು. ಅದಕ್ಕೂ ಮೊದಲೇ, 2017ರಲ್ಲಿ, ಆರ್‌ಎಸ್‌ಎಫ್ ದೇಶದ ಪಶ್ಚಿಮ ಭಾಗದ ಡಾರ್ಫರ್‌ನ ಜೆಬೆಲ್ ಆಮೆರ್ ಚಿನ್ನದ ಗಣಿಗಳನ್ನು ವಶಪಡಿಸಿಕೊಂಡಿತ್ತು. ಸುಡಾನ್ ಚಿನ್ನದ ಲೆಕ್ಕವನ್ನು ದುಬೈ ಮಾರುಕಟ್ಟೆಯ ಆಮದು ಲೆಕ್ಕದ ಪಕ್ಕ ಇಟ್ಟು ನೋಡಿ. ಇನ್ನು ‘ಶಸ್ತ್ರ ನಿರ್ಬಂಧ ಉಲ್ಲಂಘನೆ’ ಎಂಬ ಶೀರ್ಷಿಕೆ ಕಂಡರೆ ಪೆಟ್ಟಿಗೆ ಸಿಕ್ಕ ಜಾಗ ಯಾವುದೆಂದು ಮೊದಲು ಓದಿ. ವಿಶ್ವಸಂಸ್ಥೆಯ ನಿರ್ಬಂಧ ಇರುವುದು ಡಾರ್ಫರ್‌ಗೆ ಮಾತ್ರ, ಇಡೀ ಸುಡಾನ್‌ಗಲ್ಲ. ಡಾರ್ಫರ್‌ನ ಎಲ್ ಫಾಶರ್‌ನಲ್ಲಿ ಸಿಕ್ಕ ಪೆಟ್ಟಿಗೆಗೆ ಅನ್ವಯಿಸುವ ಕಾನೂನು ರಾಜಧಾನಿ ಖಾರ್ಟೂಮ್‌ನಲ್ಲಿ ಸಿಕ್ಕ ಪೆಟ್ಟಿಗೆಗೆ ಅನ್ವಯಿಸುವುದಿಲ್ಲ.